ಸ್ತನದ ಗಂಟು: ಕಾದು ನೋಡುವ ತಿಂಗಳುಗಳ ಲೆಕ್ಕ

ಮೂರು ವರ್ಷಗಳ ಹಿಂದಿನ ಮಾತು. ಯುಗಾದಿ ಕಳೆದು ಒಂದು ವಾರವಾಗಿತ್ತು. ಹಾವೇರಿ ಕಡೆಯ ಹಳ್ಳಿಯೊಂದರಿಂದ ಅಕ್ಕತಂಗಿಯರಿಬ್ಬರು ಬಂದಿದ್ದರು. ಅಕ್ಕನಿಗೆ 46 ವರ್ಷ. ಏನು ತೊಂದರೆ ಎಂದು ಕೇಳಿದರೆ ಆಕೆ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರೇ ಹೊರತು ಮಾತಾಡಲಿಲ್ಲ. ತಂಗಿಯೇ ಬಾಯಿಬಿಟ್ಟರು: "ಅಕ್ಕಗ ಎದಿಯಾಗ ಗಂಟು ಆಗೇತ್ರಿ ಡಾಕ್ಟರ್."

ಪರೀಕ್ಷಿಸಿ ನೋಡಿದೆ. ಎಡ ಸ್ತನದಲ್ಲಿ, ಕಂಕುಳಿನ ಕಡೆಗೆ, ನಿಂಬೆಹಣ್ಣಿನ ಗಾತ್ರದ ಗಟ್ಟಿ ಗಂಟು. ಮೇಲಿನ ಚರ್ಮ ಕಿತ್ತಳೆಹಣ್ಣಿನ ಸಿಪ್ಪೆಯ ಹಾಗೆ ಗುಳಿಗುಳಿಯಾಗಿತ್ತು. ಕಂಕುಳಲ್ಲಿಯೂ ಎರಡು ಗಂಟುಗಳು ಕೈಗೆ ಸಿಕ್ಕವು.

"ಇದು ಯಾವಾಗಿನಿಂದ ಐತಿ, ಅವ್ವಾ?"

"ಪಂಚಮಿ ಹಬ್ಬದಾಗ ಜಳಕ ಮಾಡೋ ಮುಂದ ಕೈಗೆ ಹತ್ತಿತ್ರಿ. ಆವಾಗ ಹುಡುಗೂರು ಆಡೋ ಗೋಲಿಯಷ್ಟ ಇತ್ತು. ನೋವಿದ್ದಿಲ್ಲ. ಅದಕ್ಕ ಸುಮ್ನಿದ್ದೆ."

ನಾಗರಪಂಚಮಿಯಿಂದ ಯುಗಾದಿಗೆ ಎಂಟು ತಿಂಗಳು. ಸೂಜಿ ಪರೀಕ್ಷೆಯಲ್ಲಿ ಅದು ಸ್ತನ ಕ್ಯಾನ್ಸರ್ ಎಂದು ಖಚಿತವಾಯಿತು. ಮೂರನೆಯ ಹಂತ. ಈ ವಾರ ಆ ಎಂಟು ತಿಂಗಳುಗಳ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ. ಏಕೆಂದರೆ ಇದು ಆಕೆಯೊಬ್ಬರ ಕಥೆಯಲ್ಲ. ನಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಹೆಚ್ಚಿನವರು ಇಂಥದೇ ಲೆಕ್ಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿರುತ್ತಾರೆ.

ಒಂದು ಗಂಟಿನ ಗಣಿತ

ಕ್ಯಾನ್ಸರ್ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ. ಸ್ತನದ ಹಾಲಿನ ನಾಳದ ಒಳಪದರದಲ್ಲಿರುವ ಒಂದು ಜೀವಕೋಶ ಹದ್ದುಮೀರಿ ಒಡೆಯತೊಡಗುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಚದುರಂಗದ ಮಣೆಯ ಒಂದೊಂದು ಮನೆಗೂ ಅಕ್ಕಿಕಾಳನ್ನು ಇಮ್ಮಡಿಸುತ್ತ ಹೋಗಿ ರಾಜನ ಕಣಜವೇ ಬರಿದಾದ ಕಥೆಯನ್ನು ನೀವು ಕೇಳಿರಬಹುದು. ಇಲ್ಲಿಯೂ ಅದೇ ಗಣಿತ. ಸುಮಾರು 30 ಬಾರಿ ಇಮ್ಮಡಿಯಾದಾಗ ಜೀವಕೋಶಗಳ ಸಂಖ್ಯೆ ನೂರು ಕೋಟಿ ಮುಟ್ಟುತ್ತದೆ. ಗಂಟು 1 ಸೆಂಟಿಮೀಟರಿನಷ್ಟಾಗುತ್ತದೆ. ಸಾಮಾನ್ಯವಾಗಿ ಬೆರಳಿಗೆ ಸಿಗುವುದು ಅಲ್ಲಿಂದ ಮುಂದಕ್ಕೆ. ಅಂದರೆ ನಿಮ್ಮ ಕೈಗೆ ಸಿಗುವ ಹೊತ್ತಿಗೆ ಅದು ತನ್ನ ಆಯುಷ್ಯದ ಬಹುಭಾಗವನ್ನು ಸದ್ದಿಲ್ಲದೆ ಕಳೆದಿರುತ್ತದೆ.

"ಇಷ್ಟು ದಿನ ಇದ್ದದ್ದು ಇನ್ನೆರಡು ತಿಂಗಳು ಇದ್ದರೆ ಏನಂತೆ?" ಎಂದು ನೀವು ಕೇಳಬಹುದು. ಕಾಯಬಾರದೆನ್ನುವುದಕ್ಕೆ ಕಾರಣವೂ ಈ ಗಣಿತದಲ್ಲಿಯೇ ಇದೆ. 1 ಸೆಂಟಿಮೀಟರಿನ ಗಂಟು 2 ಸೆಂಟಿಮೀಟರಾದರೆ ಅದು ಎರಡರಷ್ಟಾಯಿತೆಂದು ನಮಗೆ ತೋರುತ್ತದೆ. ನಿಜವಾಗಿ ಅಗಲ ಎರಡರಷ್ಟಾದಾಗ ಒಳಗಿನ ಜೀವಕೋಶಗಳು ಎಂಟರಷ್ಟಾಗಿರುತ್ತವೆ. ಗೋಲಿಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗುವಾಗ ಅವು ಮೂವತ್ತು ನಲವತ್ತು ಪಟ್ಟು ಹೆಚ್ಚಿರುತ್ತವೆ. ಕೊನೆಯ ಕೆಲವೇ ಇಮ್ಮಡಿಗಳಲ್ಲಿ ಆಗುವ ಹಾನಿ ಅದಕ್ಕೆ ಹಿಂದಿನ ವರ್ಷಗಳಲ್ಲಿ ಆದದ್ದಕ್ಕಿಂತ ಬಹಳ ಹೆಚ್ಚು.

ಬೆಳೆಯುತ್ತ ಹೋದ ಗಂಟಿನಿಂದ ಜೀವಕೋಶಗಳು ಕಳಚಿಕೊಂಡು ಮೊದಲು ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ಸೇರುತ್ತವೆ. ಬೆರಳಿಗೆ ಮುಳ್ಳು ಚುಚ್ಚಿ ಕೀವಾದಾಗ ಕಂಕುಳಲ್ಲಿ ನೋಯುವ ಗಂಟೊಂದು ಏಳುತ್ತದಲ್ಲ, ಅದೇ ಗ್ರಂಥಿ. ಕ್ಯಾನ್ಸರಿನಿಂದ ಊದಿಕೊಂಡಾಗ ಮಾತ್ರ ಅದು ಸಾಮಾನ್ಯವಾಗಿ ನೋಯುವುದಿಲ್ಲ. ರಕ್ತದ ಮೂಲಕ ಹೊರಟ ಜೀವಕೋಶಗಳು ಮೂಳೆ, ಶ್ವಾಸಕೋಶ, ಯಕೃತ್ತು, ಕೆಲವೊಮ್ಮೆ ಮಿದುಳಿನಲ್ಲಿ ನೆಲೆಯೂರುತ್ತವೆ. ಸ್ತನದೊಳಗಿರುವ ಗಂಟು ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ಹೀಗೆ ಊರು ಬಿಟ್ಟು ಹೊರಟ ಜೀವಕೋಶಗಳು. ಗಂಟು ಎಷ್ಟು ದೊಡ್ಡದಾದರೆ, ಎಷ್ಟು ಕಾಲ ಉಳಿದರೆ, ಹೊರಡುವ ಅವಕಾಶ ಅಷ್ಟು ಹೆಚ್ಚು.

ಎಲ್ಲ ಗಂಟುಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕೆಲವು ವಾರಗಳಲ್ಲಿ ಇಮ್ಮಡಿಸುತ್ತವೆ. ಕೆಲವಕ್ಕೆ ಒಂದು ವರ್ಷವೇ ಬೇಕು. "ನಮ್ಮ ಅತ್ತೆಯ ಎದೆಯಲ್ಲಿ ಐದು ವರ್ಷ ಗಂಟಿತ್ತು, ಏನೂ ಆಗಲಿಲ್ಲ" ಎನ್ನುವವರು ನಿಮ್ಮ ಬೀದಿಯಲ್ಲಿಯೂ ಇರಬಹುದು. ಆ ಅತ್ತೆಯ ಗಂಟು ಕ್ಯಾನ್ಸರೇ ಅಲ್ಲದಿರಬಹುದು, ಅಥವಾ ನಿಧಾನ ಜಾತಿಯದಿರಬಹುದು. ನಿಮ್ಮದು ಯಾವ ಜಾತಿಯದೆಂದು ಕೈಯಿಂದ ಮುಟ್ಟಿ ನೋಡಿ ನಿಮಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ಅಂಕಿ ಅಂಶ ಹೇಳುವುದೇನು?

1982ರಿಂದ ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ಕ್ಯಾನ್ಸರ್ ರೋಗಿಗಳ ನೋಂದಣಿ ವ್ಯವಸ್ಥಿತವಾಗಿ ನಡೆಯುತ್ತಿದೆ. ಬೆಂಗಳೂರಿನ ನೋಂದಣಿಯನ್ನು ಕಿದ್ವಾಯಿ ಸಂಸ್ಥೆ ನೋಡಿಕೊಳ್ಳುತ್ತದೆ. ಮೊದಲ ವರ್ಷಗಳಲ್ಲಿ ಅಲ್ಲಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರಿನದೇ ಮೇಲುಗೈ. ಈಗ ಮೊದಲ ಸ್ಥಾನ ಸ್ತನ ಕ್ಯಾನ್ಸರಿನದು. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಈ ರೋಗ ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ಇದರಿಂದ ತೀರಿಕೊಂಡರು. ಇಬ್ಬರಿಗೆ ರೋಗ ಬಂದಾಗ ಒಬ್ಬರ ಸಾವು ಎಂಬಂತಿದೆ ಈ ಪ್ರಮಾಣ. ಇಡೀ ಜಗತ್ತಿನ ಲೆಕ್ಕದಲ್ಲಿ ಅದು ಮೂವರಿಗೆ ಒಬ್ಬರಿಗಿಂತ ಕಡಿಮೆ.

ನಮ್ಮ ಹೆಂಗಸರಿಗೆ ಬರುವ ರೋಗವೇ ಹೆಚ್ಚು ಕ್ರೂರವೆ? ಸ್ವಲ್ಪ ಮಟ್ಟಿಗೆ ಹೌದೆನ್ನಬಹುದು. ನಮ್ಮಲ್ಲಿ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ, ನಲವತ್ತು ಐವತ್ತರ ವಯಸ್ಸಿನಲ್ಲಿ, ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಚಿಕ್ಕ ವಯಸ್ಸಿನವರಲ್ಲಿ ವೇಗವಾಗಿ ಬೆಳೆಯುವ ಜಾತಿಗಳು ಹೆಚ್ಚು. ಆದರೆ ಆ ವ್ಯತ್ಯಾಸದ ದೊಡ್ಡ ಪಾಲು ಯಾವ ಹಂತದಲ್ಲಿ ಪತ್ತೆಯಾಯಿತು ಎಂಬುದರಲ್ಲಿದೆ. ದೇಶದ 11 ನೋಂದಣಿ ಕೇಂದ್ರಗಳಿಂದ 2012 ರಿಂದ 2015ರ ನಡುವೆ ರೋಗ ಪತ್ತೆಯಾದ 17 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಹಿಂಬಾಲಿಸಿ ನೋಡಿದ ವರದಿಯೊಂದು 2024ರಲ್ಲಿ ಪ್ರಕಟವಾಯಿತು. ಗಂಟು ಸ್ತನದಲ್ಲಿಯೇ ಇದ್ದಾಗ ಪತ್ತೆಯಾದವರಲ್ಲಿ ಐದು ವರ್ಷಗಳ ನಂತರ ಬದುಕಿದ್ದವರು ಶೇ 81. ಕಂಕುಳಿಗೆ ಅಥವಾ ಸುತ್ತಲ ಭಾಗಕ್ಕೆ ಹಬ್ಬಿದ್ದರೆ ಶೇ 65.5. ದೂರದ ಅಂಗಗಳಿಗೆ ಹರಡಿದ ನಂತರ ಪತ್ತೆಯಾದವರಲ್ಲಿ ಶೇ 18.3.

ಈ ಮೂರು ಅಂಕಿಗಳನ್ನು ಮತ್ತೊಮ್ಮೆ ಓದಿ. ದೇಶ ಒಂದೇ, ಆಸ್ಪತ್ರೆಗಳೂ ಔಷಧಿಗಳೂ ಅವೇ. ಆದರೂ ಎಂಬತ್ತೊಂದಕ್ಕೂ ಹದಿನೆಂಟಕ್ಕೂ ಇರುವ ಅಂತರ ನೋಡಿ! ಇನ್ನೊಂದು ಲೆಕ್ಕವೂ ಇದೆ: ರಾಷ್ಟ್ರೀಯ ನೋಂದಣಿಯ 2020ರ ವರದಿಯ ಪ್ರಕಾರ ನಮ್ಮ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಶೇ 57ರಷ್ಟು ಮಂದಿ ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಸ್ತನವನ್ನು ದಾಟಿ ಸುತ್ತಮುತ್ತ ಹಬ್ಬಿರುತ್ತದೆ.

ತಡವಾದ್ದರಿಂದಲೇ ಹೀಗಾಯಿತು ಎಂದು ಹೇಗೆ ಹೇಳುವುದು? ಈ ಪ್ರಶ್ನೆಯನ್ನು ಸಂಶೋಧಕರೂ ಕೇಳಿಕೊಂಡಿದ್ದಾರೆ. ಇಂಗ್ಲೆಂಡಿನ ರಿಚರ್ಡ್ಸ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ 87 ಅಧ್ಯಯನಗಳನ್ನು, ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಲಕ್ಷಣ ಕಂಡ ಮೂರು ತಿಂಗಳೊಳಗೆ ಚಿಕಿತ್ಸೆ ಸಿಕ್ಕವರಿಗೆ ಹೋಲಿಸಿದರೆ, ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ತಡವಾದವರಲ್ಲಿ ಐದು ವರ್ಷ ಬದುಕುವವರ ಪ್ರಮಾಣ ಶೇ 12ರಷ್ಟು ಕಡಿಮೆಯಿತ್ತು. ಮೂರರಿಂದ ಆರು ತಿಂಗಳು ತಡವಾದವರಲ್ಲಿ ಶೇ 7ರಷ್ಟು ಕಡಿಮೆ. ಒಂದೇ ಹಂತದ ರೋಗಿಗಳನ್ನು ಒಟ್ಟಿಗಿಟ್ಟು ಹೋಲಿಸಿದಾಗ ಮಾತ್ರ ಈ ವ್ಯತ್ಯಾಸ ಕಾಣಲಿಲ್ಲ. ಇದರ ಅರ್ಥವಿಷ್ಟೆ: ತಡ ಮಾಡಿದಾಗ ರೋಗ ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟುತ್ತದೆ; ಆಯುಷ್ಯ ಕಡಿಮೆಯಾಗುವುದು ಆ ದಾಟುವಿಕೆಯಿಂದ.

ಇಲ್ಲಿ ಒಂದು ಮಾತು. ಒಂದು ವಾರ ತಡವಾಯಿತೆಂದು ಯಾರೂ ಎದೆ ಒಡೆದುಕೊಳ್ಳಬೇಕಾಗಿಲ್ಲ. ಪರೀಕ್ಷೆಗಳಿಗೆ, ಹಣ ಹೊಂದಿಸುವುದಕ್ಕೆ, ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದಕ್ಕೆ ಕೆಲವು ದಿನಗಳು ಬೇಕೇ ಬೇಕು. ನಾನು ಹೇಳುತ್ತಿರುವುದು ತಿಂಗಳುಗಳ ಲೆಕ್ಕ. 2020ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬಂದ ಮತ್ತೊಂದು ದೊಡ್ಡ ಸಮೀಕ್ಷೆಯ ಪ್ರಕಾರ, ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ನಾಲ್ಕು ವಾರ ಮುಂದೆ ಹೋದಂತೆಲ್ಲ ಸಾವಿನ ಅಪಾಯ ಇದ್ದುದಕ್ಕಿಂತ ಶೇ 8ರಷ್ಟು ಏರುತ್ತದೆ.

ಎಂಟು ತಿಂಗಳು ಎಲ್ಲಿ ಹೋದವು?

ಮತ್ತೆ ನಮ್ಮ ಹಾವೇರಿಯ ತಾಯಿಯ ಬಳಿಗೆ ಬರೋಣ. ಆಕೆಯನ್ನೂ ತಂಗಿಯನ್ನೂ ಕೂರಿಸಿಕೊಂಡು ಕೇಳಿದಾಗ ಎಂಟು ತಿಂಗಳುಗಳ ಜಮಾಖರ್ಚು ಹೀಗೆ ಸಿಕ್ಕಿತು.

ಮೊದಲ ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ನೋವಿರಲಿಲ್ಲ ಎಂಬುದೊಂದು ಕಾರಣ. ಇನ್ನೊಂದನ್ನು ಆಕೆ ಹೇಳಲಿಲ್ಲ, ತಂಗಿ ಹೇಳಿದರು: ಮಗಳಿಗೆ ಗಂಡು ನೋಡುತ್ತಿದ್ದರು. ತಾಯಿಗೆ ಕ್ಯಾನ್ಸರ್ ಎಂದು ಸುದ್ದಿಯಾದರೆ ಸಂಬಂಧ ಮುರಿಯುತ್ತದೆಂಬ ಅಂಜಿಕೆ. ಈ ಅಂಜಿಕೆ ಹುಚ್ಚುತನವೆಂದು ನಗುವುದು ಸುಲಭ; ಆದರೆ ನಮ್ಮ ಸಮಾಜದಲ್ಲಿ ಹಾಗೆ ಸಂಬಂಧ ಮುರಿದದ್ದನ್ನು ನಾನು ಕಂಡಿದ್ದೇನೆ. ಆಕೆಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ದೀಪಾವಳಿಯ ಸುಮಾರಿಗೆ ಗಂಡನಿಗೆ ತಿಳಿಯಿತು. ಊರಿನ ನಾಟಿ ವೈದ್ಯರು ಕೊಟ್ಟ ಬೇರು ತೇಯ್ದು ಒಂದು ತಿಂಗಳು ಹಚ್ಚಿದರು. ಗಂಟು ಕರಗಲಿಲ್ಲ, ಚರ್ಮ ಕೆಂಪಗಾಯಿತು. ಆಮೇಲೆ ತಾಲ್ಲೂಕಿನ ಒಬ್ಬ ವೈದ್ಯರು ಎರಡು ಸಲ ಮಾತ್ರೆ ಬರೆದು ಕೊಟ್ಟರು. ಅಲ್ಲಿಗೆ ಮತ್ತೊಂದು ತಿಂಗಳು. ಅಷ್ಟರಲ್ಲಿ ಮದುವೆ ನಿಶ್ಚಯವಾಯಿತು. ಲಗ್ನ, ಕಾರ್ಯ, ಬೀಗರ ಉಪಚಾರ, ಕೊನೆಗೆ ಜೋಳದ ಸುಗ್ಗಿ, ಎಲ್ಲ ಸೇರಿ ಎರಡು ತಿಂಗಳು. ಸ್ಕ್ಯಾನಿಂಗಿಗೆ ಚೀಟಿ ಬರೆಸಿಕೊಂಡು, ಹಣ ಹೊಂದಿಸಿ, ಜೊತೆಗೆ ಬರುವವರು ಸಿಕ್ಕು ಇಲ್ಲಿಗೆ ಬರಲು ಕೊನೆಯ ಒಂದು ತಿಂಗಳು.

ಲೆಕ್ಕವನ್ನು ನೋಡಿ. ಎಂಟರಲ್ಲಿ ಮೂರು ತಿಂಗಳು ಮಾತ್ರ ಆಕೆ ಒಬ್ಬರೇ ಮಾಡಿದ ತಡ. ಉಳಿದ ಐದರಲ್ಲಿ ಮನೆಯವರು, ಮದ್ದು ಕೊಟ್ಟವರು, ವೈದ್ಯರು, ದೂರ, ದುಡ್ಡು ಎಲ್ಲಕ್ಕೂ ಪಾಲಿದೆ. "ಹೆಂಗಸರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ತಡವಾಗಿ ಬರುತ್ತಾರೆ" ಎಂದು ನಮ್ಮ ಸಭೆಗಳಲ್ಲಿ ಹೇಳುವುದುಂಟು. ಅದು ಅರ್ಧ ಸತ್ಯ.

ನಮ್ಮ ಭಾಷೆಯೂ ತಡಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು. 'ಸ್ತನ' ಎಂಬ ಮಾತನ್ನು ನಮ್ಮ ಹೆಂಗಸರು ವೈದ್ಯರ ಮುಂದೆ ಆಡುವುದಿಲ್ಲ; 'ಎದೆ' ಎನ್ನುತ್ತಾರೆ. "ಎದೆಯಲ್ಲಿ ಒಂಥರಾ ಆಗ್ತಿದೆ" ಎಂದ ಕೂಡಲೇ ಅವಸರದ ವೈದ್ಯರು ಸ್ಟೆತಾಸ್ಕೋಪ್ ಇಟ್ಟು, ಇ.ಸಿ.ಜಿ. ತೆಗೆಸಿ, "ಹೃದಯ ಚೆನ್ನಾಗಿದೆ, ಗ್ಯಾಸ್ಟ್ರಿಕ್ ಇರಬೇಕು" ಎಂದು ಕಳಿಸಿಬಿಡುತ್ತಾರೆ. ಆಕೆ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಗಂಟಿನ ಮಾತು ಇಬ್ಬರ ಬಾಯಲ್ಲಿಯೂ ಬರಲಿಲ್ಲ! ದಯವಿಟ್ಟು "ಇಲ್ಲಿ ಗಂಟು ಇದೆ, ಮುಟ್ಟಿ ನೋಡಿ" ಎಂದೇ ಹೇಳಿ. ಮಹಿಳಾ ವೈದ್ಯರೇ ಬೇಕೆನಿಸಿದರೆ ಕೇಳಿ, ಸಂಕೋಚ ಬೇಡ. ಅವರು ಸಿಗಲಿಲ್ಲವೆಂದು ಮಾತ್ರ ಹಿಂದಿರುಗಬೇಡಿ.

ವೈದ್ಯರ ಕಡೆಯಿಂದ

ನನ್ನ ಸಹೋದ್ಯೋಗಿಗಳಿಗೆ ಬೇಸರವಾಗಬಹುದು, ಆದರೂ ಹೇಳಬೇಕು. ವೈದ್ಯರ ಕೈಯಲ್ಲಿ ಆಗುವ ತಡ ಮೂರು ನಾಲ್ಕು ರೀತಿಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

"ಇನ್ನೂ ಮೂವತ್ತು ವರ್ಷ, ಈ ವಯಸ್ಸಿನಲ್ಲಿ ಕ್ಯಾನ್ಸರ್ ಬರುವುದಿಲ್ಲ" ಎಂಬುದು ಒಂದು. ಅಪರೂಪ ನಿಜ, ಆದರೆ ಬರುತ್ತದೆ. ಹಾಲೂಡಿಸುವ ತಾಯಿಯ ಗಂಟನ್ನು "ಹಾಲು ಕಟ್ಟಿದೆ" ಎಂದು ತಿಂಗಳುಗಟ್ಟಲೆ ಬಿಡುವುದು ಇನ್ನೊಂದು. ಹಾಲು ಕಟ್ಟಿದ್ದಾದರೆ, ಬಾವಾದರೆ, ಒಂದೆರಡು ವಾರದ ಆರೈಕೆಯಲ್ಲಿ ಇಳಿಯಬೇಕು. ಇಳಿಯದಿದ್ದರೆ ಅಲ್ಟ್ರಾಸೌಂಡ್ ಮಾಡಿಸಲೇಬೇಕು. ಗರ್ಭಿಣಿಗಾಗಲಿ ಬಾಣಂತಿಗಾಗಲಿ ಅದರಿಂದ ಏನೂ ತೊಂದರೆಯಿಲ್ಲ.

ಮ್ಯಾಮೋಗ್ರಾಂ ವರದಿಯಲ್ಲಿ ಏನೂ ಇಲ್ಲವೆಂದು ಬಂದರೆ ಎಲ್ಲರೂ ಉಸಿರು ಬಿಡುತ್ತಾರೆ. ಕೈಗೆ ಸಿಗುವ ಗಂಟು ಇದ್ದೂ ಮ್ಯಾಮೋಗ್ರಾಂನಲ್ಲಿ ಕಾಣದೆ ಇರುವುದುಂಟು, ಅದರಲ್ಲೂ ಚಿಕ್ಕ ವಯಸ್ಸಿನವರ ಬಿಗಿಯಾದ ಸ್ತನಗಳಲ್ಲಿ. ಚಿತ್ರ ಚೆನ್ನಾಗಿದೆ ಎಂದಮಾತ್ರಕ್ಕೆ ಗಂಟು ಹೋಗಿಲ್ಲವಲ್ಲ. ಕೈಯಿಂದ ಮಾಡುವ ಪರೀಕ್ಷೆ, ಚಿತ್ರ, ಸೂಜಿ ಪರೀಕ್ಷೆ, ಈ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಂಬಬಹುದು.

ನನಗೆ ಅತ್ಯಂತ ನೋವು ಕೊಡುವುದು ಮಾತ್ರ ಇದು: ಚಿಕ್ಕ ಆಸ್ಪತ್ರೆಯಲ್ಲಿ "ಕೊಬ್ಬಿನ ಗಂಟು" ಎಂದು ಕತ್ತರಿಸಿ ತೆಗೆದು, ಅದನ್ನು ಪರೀಕ್ಷೆಗೇ ಕಳಿಸದೆ ಬಿಸಾಡುವುದು. ಆರು ತಿಂಗಳ ನಂತರ ಅದೇ ಗಾಯದಲ್ಲಿ ಗಂಟು ಮತ್ತೆ ಎದ್ದಾಗ ರೋಗಿ ನಮ್ಮ ಬಳಿ ಬರುತ್ತಾರೆ. ಹಿಂದೆ ಏನಿತ್ತೆಂದು ಹೇಳಲು ಒಂದು ಚೂರು ಕಾಗದವೂ ಇರುವುದಿಲ್ಲ. ಸ್ತನದಿಂದ ಏನನ್ನು ತೆಗೆದರೂ ಅದನ್ನು ಪೆಥಾಲಜಿ ಪರೀಕ್ಷೆಗೆ ಕಳಿಸಿ, ವರದಿಯನ್ನು ಕೈಗೆ ಕೊಡುವಂತೆ ಕೇಳುವುದು ನಿಮ್ಮ ಹಕ್ಕು. ಆ ವರದಿಯನ್ನು ಮದುವೆ ಪತ್ರದಷ್ಟೇ ಜೋಪಾನವಾಗಿ ಇಡಿ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಹಳ್ಳಿಗಿಂತ ಪಟ್ಟಣದಲ್ಲಿಯೇ ಹೆಚ್ಚು ಕೇಳುತ್ತೇನೆ. ಸ್ತನದ ಸೂಜಿ ಪರೀಕ್ಷೆಯಿಂದ ರೋಗಿಯ ಆಯುಷ್ಯ ಕಡಿಮೆಯಾಗುವುದಿಲ್ಲ. ಅದನ್ನು ಮುಂದೂಡುವುದರಿಂದ ಕಡಿಮೆಯಾಗಬಹುದು.

ದೇಶಕ್ಕೆ ದೇಶವೇ ತಡ ಮಾಡಿದ್ದನ್ನೂ ನಾವು ನೋಡಿದ್ದೇವೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಿಂದ ಮೇವರೆಗೆ, ದೇಶದ 41 ಕ್ಯಾನ್ಸರ್ ಕೇಂದ್ರಗಳಲ್ಲಿ ಹೊಸ ರೋಗಿಗಳ ನೋಂದಣಿ ಹಿಂದಿನ ವರ್ಷಕ್ಕಿಂತ ಶೇ 54ರಷ್ಟು ಇಳಿಯಿತು. ರೋಗವೇನೂ ಆ ಮೂರು ತಿಂಗಳು ರಜೆ ಹಾಕಿರಲಿಲ್ಲ.

ಸ್ತನ ಹೋಗುತ್ತದೆಂಬ ಭಯ

ಎಷ್ಟೋ ಮಹಿಳೆಯರು ಬಾಯಿಬಿಟ್ಟು ಹೇಳದ ಕಾರಣ ಇದು. ಆಸ್ಪತ್ರೆಗೆ ಹೋದರೆ ಸ್ತನ ತೆಗೆದುಬಿಡುತ್ತಾರೆ, ಆದ್ದರಿಂದ ಹೋಗುವುದೇ ಬೇಡ! ಈ ಭಯಕ್ಕೆ ಹಿಂದೆ ಆಧಾರವಿತ್ತು. ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ 19ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಶಸ್ತ್ರಕ್ರಿಯೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಮುಂದಿನ ಮುಕ್ಕಾಲು ಶತಮಾನ ಅದೇ ಪದ್ಧತಿ.

ಇಟಲಿಯ ಮಿಲಾನ್ ನಗರದ ವೆರೊನೇಸಿ ಇದನ್ನು ಪ್ರಶ್ನಿಸಿದರು. 1973ರಲ್ಲಿ ಅವರು ಆರಂಭಿಸಿದ ಪರೀಕ್ಷೆಯಲ್ಲಿ 2 ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಂಟಿದ್ದ 701 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳೆಯ ಶಸ್ತ್ರಕ್ರಿಯೆಯನ್ನೂ ಇನ್ನೊಂದಕ್ಕೆ ಗಂಟಿರುವ ಭಾಗವನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆಯನ್ನೂ ಕೊಟ್ಟರು. 20 ವರ್ಷಗಳ ನಂತರ, 2002ರಲ್ಲಿ, ಫಲಿತಾಂಶ ಪ್ರಕಟವಾದಾಗ ಎರಡೂ ಗುಂಪುಗಳಲ್ಲಿ ಬದುಕಿದ್ದವರ ಪ್ರಮಾಣ ಸಮನಾಗಿಯೇ ಇತ್ತು. ಅಮೆರಿಕದ ಫಿಶರ್ ಅವರ ಪರೀಕ್ಷೆಯೂ ಅದನ್ನೇ ಹೇಳಿತು. ಇಂದು ಚಿಕ್ಕ ಗಂಟಿನೊಂದಿಗೆ ಬಂದ ಮಹಿಳೆಗೆ ಸ್ತನ ಉಳಿಸಿಕೊಳ್ಳುವ ಚಿಕಿತ್ಸೆ ನಮ್ಮ ರಾಜ್ಯದಲ್ಲಿಯೂ ಸಿಗುತ್ತದೆ.

ಇದರಲ್ಲಿನ ವಿಪರ್ಯಾಸ ನೋಡಿ. ಸ್ತನ ಹೋಗುತ್ತದೆಂದು ಹೆದರಿ ಕಾಯುವವರು, ಕಾದದ್ದರಿಂದಲೇ ಅದನ್ನು ಕಳೆದುಕೊಳ್ಳುತ್ತಾರೆ. ಗೋಲಿಯಷ್ಟಿದ್ದಾಗ ಬಂದಿದ್ದರೆ ಹಾವೇರಿಯ ತಾಯಿಗೆ ಸ್ತನ ಉಳಿಸಿಕೊಳ್ಳುವ ಅವಕಾಶ ಬಹುಮಟ್ಟಿಗೆ ಇರುತ್ತಿತ್ತು. ಎಂಟು ತಿಂಗಳ ನಂತರ ಮೊದಲು ಕೀಮೋಥೆರಪಿ ಕೊಟ್ಟು ಗಂಟು ಕುಗ್ಗಿಸಿ, ಇಡೀ ಸ್ತನ ತೆಗೆದು, ಆಮೇಲೆ ವಿಕಿರಣ ಕೊಡಬೇಕಾಯಿತು. ಖರ್ಚೂ ಹೆಚ್ಚು, ಕಷ್ಟವೂ ಹೆಚ್ಚು. ಸುಮಾರು ಒಂದು ವರ್ಷ ಆಕೆಯ ಮನೆಯ ಬೇಸಾಯ ಹಳ್ಳ ಹಿಡಿಯಿತು.

ಈ ಲೇಖನ ಓದುತ್ತಿರುವವರಲ್ಲಿ ಈಗಾಗಲೇ ತಡ ಮಾಡಿದವರೂ ಇರಬಹುದು. "ಹೇಗೂ ತಡವಾಯಿತು, ಇನ್ನು ಹೋಗಿ ಏನು ಪ್ರಯೋಜನ?" ಎಂದು ಅವರು ಅಂದುಕೊಳ್ಳಬಾರದು. ಕಂಕುಳಿಗೆ ಹಬ್ಬಿದ ಮೇಲೂ ನೂರರಲ್ಲಿ ಅರವತ್ತೈದು ಮಂದಿ ಐದು ವರ್ಷ ದಾಟುತ್ತಾರೆಂಬುದನ್ನು ಮೇಲೆಯೇ ಹೇಳಿದೆ. ಈ ತಿಂಗಳು ಹೋಗುವುದಕ್ಕೂ ಮುಂದಿನ ದಸರೆಗೆ ಹೋಗುವುದಕ್ಕೂ ಅವರಿಗೂ ವ್ಯತ್ಯಾಸವಿದೆ.

ಹಾಗಾದರೆ ನೀವು ಮಾಡಬೇಕಾದದ್ದೇನು?

ಪ್ರತಿ ತಿಂಗಳೂ ಮುಟ್ಟು ನಿಂತ ಮೇಲೆ ಕನ್ನಡಿಯ ಮುಂದೆ ನಿಂತು ಸ್ತನ ಪರೀಕ್ಷೆ ಮಾಡಿಕೊಳ್ಳಿ ಎಂದು ನಾವೆಲ್ಲ ವರ್ಷಗಟ್ಟಲೆ ಬರೆದೆವು. ಚೀನಾದ ಶಾಂಘೈ ನಗರದ ಬಟ್ಟೆ ಗಿರಣಿಗಳ 2 ಲಕ್ಷ 66 ಸಾವಿರ ಮಹಿಳಾ ಕಾರ್ಮಿಕರ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ವಯಂ ಪರೀಕ್ಷೆ ಕಲಿತವರಲ್ಲಿ ಸಾವು ಕಡಿಮೆಯಾಗಲಿಲ್ಲ. ಕ್ಯಾನ್ಸರಲ್ಲದ ಗಂಟುಗಳಿಗೆ ಸೂಜಿ, ಕತ್ತರಿ ಹೆಚ್ಚಾದವು ಅಷ್ಟೆ. ಆದ್ದರಿಂದ ಅದನ್ನು ವ್ರತದಂತೆ ಹಿಡಿಯಬೇಕಾಗಿಲ್ಲ. ನಿಮ್ಮ ಸ್ತನ ಸಾಮಾನ್ಯವಾಗಿ ಹೇಗಿರುತ್ತದೆಂದು ನಿಮಗೆ ಗೊತ್ತಿದ್ದರೆ ಸಾಕು. ಹೊಸದೇನಾದರೂ ಕಂಡರೆ ಕೂಡಲೇ ತೋರಿಸಬೇಕು. ಸ್ವಯಂ ಪರೀಕ್ಷೆ ಮಾಡಿಕೊಂಡು, ಗಂಟು ಕಂಡು, ಆರು ತಿಂಗಳು ಸುಮ್ಮನಿದ್ದವರನ್ನೂ ನಾನು ನೋಡಿದ್ದೇನೆ.

ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಕೈಯಿಂದ ಮಾಡುವ ಪರೀಕ್ಷೆಗೆ ಹೆಚ್ಚು ಬೆಲೆಯಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅಲ್ಲಿನ ಕೊಳಗೇರಿಗಳ ಒಂದೂವರೆ ಲಕ್ಷ ಮಹಿಳೆಯರಲ್ಲಿ ಇದನ್ನು ನಡೆಸಿ 2021ರಲ್ಲಿ ವರದಿ ಕೊಟ್ಟರು. ಎರಡು ವರ್ಷಕ್ಕೊಮ್ಮೆ ಪರೀಕ್ಷೆಯಾದ ಗುಂಪಿನಲ್ಲಿ ರೋಗ ಮೊದಲಿನ ಹಂತಗಳಲ್ಲಿಯೇ ಪತ್ತೆಯಾಯಿತು. 50 ದಾಟಿದವರಲ್ಲಿ ಸಾವು ಸುಮಾರು ಶೇ 30ರಷ್ಟು ಇಳಿಯಿತು. ಐವತ್ತರ ಕೆಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಯಾರೂ ಕೇಳದಿದ್ದರೆ ಅವರೂ ಮಾಡುವುದಿಲ್ಲ.

ತೋರಿಸಬೇಕಾದ ಲಕ್ಷಣಗಳು: ಸ್ತನದಲ್ಲಾಗಲಿ ಕಂಕುಳಲ್ಲಾಗಲಿ ಹೊಸ ಗಂಟು, ತೊಟ್ಟು ಹೊಸದಾಗಿ ಒಳಕ್ಕೆ ಸರಿಯುವುದು, ತೊಟ್ಟಿನಿಂದ ರಕ್ತ ಅಥವಾ ರಕ್ತಮಿಶ್ರಿತ ನೀರು, ಚರ್ಮ ಒಳಸೆಳೆದುಕೊಳ್ಳುವುದು ಅಥವಾ ದಪ್ಪವಾಗುವುದು, ತೊಟ್ಟಿನ ಸುತ್ತ ಮಾಯದ ಹುಣ್ಣು. ನೋವಿರಬೇಕೆಂದಿಲ್ಲ. ನೋವಿಲ್ಲದಿರುವುದನ್ನೇ ಹೆಚ್ಚು ಅನುಮಾನದಿಂದ ನೋಡಬೇಕು. ಗಂಡಸರಿಗೂ ಈ ರೋಗ ಬರುತ್ತದೆ, ನೂರರಲ್ಲಿ ಒಬ್ಬರಷ್ಟು. ಅವರಂತೂ ಇನ್ನೂ ತಡ ಮಾಡುತ್ತಾರೆ.

ಇಂಥದೇನಾದರೂ ಕಂಡರೆ ಮುಂದಿನ ಮುಟ್ಟಿನವರೆಗೆ ಬೇಕಾದರೆ ಕಾಯಿರಿ. ಅದಕ್ಕಿಂತ ಹೆಚ್ಚು ಬೇಡ. ರಕ್ತ ಒಸರುತ್ತಿದ್ದರೆ, ಚರ್ಮ ಬದಲಾಗಿದ್ದರೆ, ಮುಟ್ಟು ನಿಂತ ವಯಸ್ಸಾಗಿದ್ದರೆ ಅಷ್ಟೂ ಕಾಯಬೇಡಿ. ವೈದ್ಯರ ಬಳಿ ಹೋದ ದಿನವನ್ನು ಕ್ಯಾಲೆಂಡರಿನ ಮೇಲೆ ಗುರುತು ಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಲ್ಲಿಂದ 60 ದಿನಗಳೊಳಗೆ ರೋಗ ಹೌದೋ ಅಲ್ಲವೋ ತೀರ್ಮಾನವಾಗಬೇಕು, ಮೂರು ತಿಂಗಳೊಳಗೆ ಚಿಕಿತ್ಸೆ ಆರಂಭವಾಗಬೇಕು. ಮಾತ್ರೆ ಕೊಟ್ಟು ಎರಡು ವಾರದ ನಂತರವೂ ಗಂಟು ಹಾಗೆಯೇ ಇದ್ದರೆ ಮತ್ತೆ ಮಾತ್ರೆ ಬೇಡ, ಪರೀಕ್ಷೆಗೆ ಬರೆದುಕೊಡಿ ಎನ್ನಿ. ಇದನ್ನು ಕೇಳಿದರೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ. ಪರೀಕ್ಷೆ ಮಾಡಿದ ಹೆಚ್ಚಿನ ಗಂಟುಗಳು, ಹತ್ತರಲ್ಲಿ ಎಂಟು ಒಂಬತ್ತು, ಕ್ಯಾನ್ಸರ್ ಆಗಿರುವುದಿಲ್ಲ ಎಂಬುದು ನಿಮಗೆ ಧೈರ್ಯ ಕೊಡಲಿ.

ಹಾವೇರಿಯ ತಾಯಿ ಈಗಲೂ ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರೆ. ಈವರೆಗೆ ರೋಗ ಮರಳಿಲ್ಲ. ಕಳೆದ ದೀಪಾವಳಿಯ ನಂತರ ಬಂದಾಗ ಜೊತೆಯಲ್ಲಿ ಮಗಳಿದ್ದಳು. ಆಗ ಲಗ್ನ ಮಾಡಿಕೊಟ್ಟರಲ್ಲ, ಅವಳೇ. ಬಲ ಸ್ತನದಲ್ಲಿ ಗೋಲಿಯಷ್ಟು ಗಂಟು, ಕಂಡು ಐದು ದಿನವಾಗಿತ್ತು. ತಾಯಿಗೆ ಐವತ್ತರೊಳಗೆ ಈ ರೋಗ ಬಂದಿದ್ದರೆ ಮಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಂದೇ ಅಲ್ಟ್ರಾಸೌಂಡ್ ಆಯಿತು, ಮರುದಿನ ಸೂಜಿ ಪರೀಕ್ಷೆ. ಹತ್ತನೆಯ ದಿನ ವರದಿ ಬಂತು: ಫೈಬ್ರೊಅಡಿನೋಮ, ಹರೆಯದವರಲ್ಲಿ ಕಾಣುವ ನಿರಪಾಯಕರ ಗಂಟು. ಆಪರೇಷನ್ ಬೇಡ, ಆರು ತಿಂಗಳು ಬಿಟ್ಟು ಮತ್ತೆ ತೋರಿಸಿ ಎಂದೆ. ತಾಯಿ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರದು ಇನ್ನೊಂದು ಪ್ರತಿ ಕೊಡ್ರಿ ಡಾಕ್ಟರ್. ಒಂದು ಅಳಿಯಗ ಕಳಸ್ತೀನಿ, ಒಂದು ನನ್ನ ಹತ್ರ ಇಟ್ಕೋತೀನಿ" ಎಂದರು.